ಹೊಂಗೆಗೆ ಹಳದಿ ನಂಬರು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೇಟಿನ ಬಳಿ ಬಂದೆ, ಎನಾಮಲ್ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಯಾರೋ ಒಬ್ಬ ಯುವಕ ನಮ್ಮ ಮನೆ ಮುಂದಿನ ಹೊಂಗೆ ಮರದ ತೊಗಟೆಯನ್ನು ಒಂದಿಷ್ಟು ಹೆರೆದು, ಹಳದಿ ಬಣ್ಣದಲ್ಲಿ ನಂಬರು ಬರೆಯುತ್ತಿದ್ದಾನೆ. ಏನಪ್ಪಾ ಇದು ಎಂದೆ. "ಸುಮ್ನೆ ಲೆಕ್ಕಕ್ಕೆ ಮೇಡಂ, ಮರಕ್ಕೇನೂ ಆಗಲ್ಲ" ಎಂದ, ತಲೆಯನ್ನೂ ಎತ್ತದೆ. ಕಾಫಿ ಕುಡಿಯುವ ಮನಸ್ಸೇ ಹೋಯಿತು. ಯಾಕೆಂದರೆ ಆ ಮಾತು ನನ್ನದು. ಒಂದು ಕಾಲದಲ್ಲಿ ಇದೇ ರಾಮನಗರದ ಸುತ್ತ ಹೊಲ ಹೊಲ ತಿರುಗಿ ನಾನು ಹೇಳಿಕೊಂಡು ಬಂದ ಮಾತು.

ಆಗ ನನ್ನ ಕೆಲಸ ಏನಾಗಿತ್ತೆಂದು ಹೇಳಿದರೆ ನಗುತ್ತೀರಿ. ಮರ ನೋಡುವುದು, ಅಷ್ಟೇ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹವಾಮಾನ ಬದಲಾಗುತ್ತಿದೆ ಎಂಬ ಮಾತು ಆಗಿನ್ನೂ ಪೇಪರಿನ ಒಳಪುಟಗಳಲ್ಲಿ ಬರುತ್ತಿತ್ತು. ಬೆಂಗಳೂರಿನ ಒಂದು ಸಂಸ್ಥೆ, ಗಿಡಮರಗಳು ಚಿಗುರುವ, ಹೂಬಿಡುವ, ಕಾಯಿಕಟ್ಟುವ ಹೊತ್ತು ಹಿಂದೆಮುಂದೆ ಆಗುತ್ತಿದೆಯೇ ಎಂದು ತಿಳಿಯಲು ಹೊರಟಿತ್ತು. ಋತು ಬದಲಾದಾಗಲೆಲ್ಲ ಹೋಗಿ ಅವವೇ ಮರಗಳನ್ನು ನೋಡಬೇಕು. ಈ ಸಲ ಈ ಮರ, ಮುಂದಿನ ಸಲ ಪಕ್ಕದ್ದು ಅಂದರೆ ನಡೆಯದು. ಒಂದೇ ಮರವನ್ನು ವರ್ಷಗಟ್ಟಲೆ ನೋಡಿದರೆ ಮಾತ್ರ ಅದರ ನಡೆ ಗೊತ್ತಾಗುವುದು. ನಡುವೆ ಮರ ಹೋಯಿತೋ, ನೋಡಿದ್ದೆಲ್ಲ ನೀರುಪಾಲು. ಬಾಟನಿ ಓದಿದ ನನಗೆ ಅದಕ್ಕಿಂತ ದೊಡ್ಡ ಕೆಲಸ ಭೂಮಿಯ ಮೇಲೆ ಇಲ್ಲವೆನಿಸಿತ್ತು. ತಲೆಗೆ ಮಂಕರಿಯಷ್ಟು ದೊಡ್ಡ ಟೋಪಿ, ಕುತ್ತಿಗೆಗೆ ದುರ್ಬೀನು. ಕೈಲಾಂಚದ ಬಸ್ಸಿನಲ್ಲಿ ರೇಷ್ಮೆಗೂಡಿನ ಚೀಲಗಳ ನಡುವೆ ಹಾಗೆ ನಿಂತರೆ ಕಂಡಕ್ಟರು ಗಟ್ಟಿಯಾಗಿ ಕೂಗುತ್ತಿದ್ದ: "ಒಸಿ ಜಾಗ ಬುಡ್ರಪ್ಪ, ಹಕ್ಕಿ ಮೇಡಮ್ಮು ಬಂದ್ರು!" ಹಕ್ಕಿಯಲ್ಲಪ್ಪಾ ಮಾರಾಯ, ಮರ ಎಂದು ಹೇಳಿ ಹೇಳಿ ಸುಸ್ತಾದೆ.

ಕೈಲಾಂಚದಿಂದ ಒಳಗೆ ನಡೆದರೆ ಕೆಂಪಮ್ಮನ ಹಿಪ್ಪುನೇರಳೆ ತೋಟ. ಅದರ ಬದುವಿನ ಮೇಲಿತ್ತು ನನ್ನ ಹೊಂಗೆ. ನನ್ನದು ಎನ್ನುತ್ತೇನೆ ನೋಡಿ, ಎಂಥ ಕೊಬ್ಬು! ಮರ ಕೆಂಪಮ್ಮ ಮತ್ತು ಅವಳ ಗಂಡ ಪುಟ್ಟಸ್ವಾಮಣ್ಣನದು. ಸೊಪ್ಪು ಕೊಯ್ಯುವ ಹೆಂಗಸರು ಮಧ್ಯಾಹ್ನ ಉಣ್ಣುತ್ತಿದ್ದುದು ಅದರ ಕೆಳಗೆ, ಹಸು ಕಟ್ಟುತ್ತಿದ್ದುದು ಅದರ ಕೆಳಗೆ. ಮೊದಲ ಸಲ ನಾನು ಗುರುತಿಗೆಂದು ಅದರ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದಾಗ ಕೆಂಪಮ್ಮ ಗಂಡನನ್ನು ಕೂಗಿ ಕರೆದಿದ್ದಳು. "ಬನ್ನಿ ಇಲ್ಲಿ, ಈ ಕೂಸು ನಮ್ ಹೊಂಗೆಗೆ ಕಂಕಣ ಕಟ್ಟೈತೆ! ಮದ್ವೆ ಯಾವಾಗವ್ವ?" ಆಮೇಲಿನ ವರ್ಷಗಳಲ್ಲಿ ನಾನು ಬದುವಿಗೆ ಹತ್ತುವ ಮೊದಲೇ ಅವಳ ವರದಿ ಬರುತ್ತಿತ್ತು. "ಈ ವರ್ಸ ಬ್ಯಾಗ ಹೂ ಉದುರುಸ್ಬುಡ್ತು ಕಣ್ ಮಗ. ಬರ್ಕೊ, ಆಮೇಕೆ ಉಂಡಿಯಂತೆ." ಮುದ್ದೆ, ಉಪ್ಸಾರು. ಆ ಉಪ್ಸಾರಿನ ಖಾರಕ್ಕೆ ನನ್ನ ಕಣ್ಣುಮೂಗೆಲ್ಲ ಸುರಿಯುತ್ತಿದ್ದರೆ ಅವಳಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಇವತ್ತಿಗೂ ಹೋಟೆಲಿನಲ್ಲಿ ಉಪ್ಸಾರು ಎಂಬ ಹೆಸರಿನಲ್ಲಿ ಕೊಡುವ ಬಿಸಿನೀರನ್ನು ನಾನು ಮುಟ್ಟುವುದಿಲ್ಲ.

ಬಟ್ಟೆಗಳನ್ನು ಮೇಕೆ ತಿಂದವು, ಗಾಳಿ ಹರಿಯಿತು. ಬೆಂಗಳೂರಿನಲ್ಲಿ ಕೂತ ನಮ್ಮ ಸಾಹೇಬರಿಗೆ ಇದು ಸರಿಬರಲಿಲ್ಲ. ಮರಗಳಿಗೆಲ್ಲ ಬಣ್ಣದಲ್ಲಿ ನಂಬರು ಹಾಕಿ, ದೂರದಿಂದಲೇ ಕಾಣಬೇಕು, ಎಂದು ಅಪ್ಪಣೆಯಾಯಿತು. ಬೇಸಾಯದವರ ಮರ ಸಾರ್, ಒಂದು ಮಾತು ಕೇಳಬೇಡವೇ ಎಂದೆ. ಕೇಳುವುದೇನು, ನಾವೇನು ಕಡಿಯುತ್ತೇವೆಯೇ ಎಂದರು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದು ಜಮೀನು ಹೋಗುತ್ತಿದ್ದ ಕಾಲ ಅದು. ಮುಂದಿನ ಸರದಿ ನಮ್ಮದಂತೆ ಎಂದು ಊರೂರಲ್ಲಿ ಗುಸುಗುಸು. ಅಳತೆಯವರು ಬಂದು ಕಲ್ಲಿಗೆ, ಬದುವಿಗೆ ಗುರುತು ಹಾಕಿ ಹೋಗಿದ್ದರು. ಅವರ ಬಣ್ಣವೂ ಹಳದಿ, ನಮ್ಮದೂ ಹಳದಿ. ರಾಮನಗರದ ಅದೇ ಅಂಗಡಿಯಿಂದ ತಂದದ್ದೋ ಏನೋ.

ನಾನು ಹೊಂಗೆಗೆ ನಂಬರು ಬರೆಯುವಾಗ ಕೆಂಪಮ್ಮ ಹುಲ್ಲಿನ ಹೊರೆ ಇಳಿಸಿ ನಿಂತಳು. "ನಂಬರ್ ಯಾಕ್ ಮಗ?"

"ಸುಮ್ನೆ ಲೆಕ್ಕಕ್ಕೆ ಕಣಮ್ಮ, ಮರಕ್ಕೇನೂ ಆಗಲ್ಲ."

ಅವಳು ತಲೆಯಾಡಿಸಿದಳು. ಅವತ್ತೂ ಮುದ್ದೆ ಹಾಕಿದಳು, ಆದರೆ ನನ್ನ ಕಣ್ಣಲ್ಲಿ ನೀರು ಬಂದಾಗ ನಗಲಿಲ್ಲ.

ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿರುತ್ತದೆಂದು ಕುಣಿದುಕೊಂಡು ಹೋದೆ. ಬದುವಿನ ಮೇಲೆ ಮೋಟು ಇತ್ತು. ದಾರಿ ತಪ್ಪಿದೆನೇನೋ ಎಂದು ಸುತ್ತ ನೋಡಿದೆ. ಪಕ್ಕದ ಹೊಲದಲ್ಲೂ ಮೋಟು, ಅದರಾಚೆಯೂ ಮೋಟು. ನಾವು ನಂಬರು ಹಾಕಿದವು ಮಾತ್ರ. ಬಣ್ಣ ಕಾಣದ ಮರಗಳು ತಣ್ಣಗೆ ಚಿಗುರಿಕೊಂಡು ನಿಂತಿದ್ದವು. ಶಿವನೇ! ಮರಗಳಿಗೆ ಬೇನೆ ಬಂದರೂ ಹೀಗೆ ಆರಿಸಿ ಆರಿಸಿ ಹೊಡೆಯುವುದಿಲ್ಲ.

ಪುಟ್ಟಸ್ವಾಮಣ್ಣ ಮುಚ್ಚುಮರೆ ಮಾಡಲಿಲ್ಲ. "ಕಡುದ್ಬುಟ್ಟೊ ಮೇಡಮ್ಮೋರೆ. ನಮ್ಮಪ್ಪನ್ ಕಾಲ್ದಲ್ಲಿ ಹೊಲ್ದಲ್ಲಿ ಒಂದ್ ಗಂಧದ ಮರ ತಾನಾಗೇ ಹುಟ್ಕಂಡಿತ್ತು. ಫಾರೆಸ್ಟ್ನೋರು ಬಂದ್ರು, ನಂಬರ್ ಹಾಕುದ್ರು. ಮರ ಸರ್ಕಾರದ್ದು, ಕಾಯೋ ಕೆಲ್ಸ ನಮ್ದು. ಯಾವನೋ ಕದ್ಕಂಡೋದ, ಠಾಣೆ ಮೆಟ್ಲು ಹತ್ತುದ್ದು ನಮ್ಮಪ್ಪ. ಈಗ ಹೊಂಗೆಗ್ ಹಾಕಿದ್ರಿ. ನಾಳಿಕೆ ಬದು ಅಂತೀರಿ, ನಾಡಿದ್ದು ಹೊಲ ಅಂತೀರಿ. ನಮ್ ಮರ ನಮ್ ಒಲೆಗೇ ಆಗ್ಲಿ ಅಂತ ಕಡುದೊ."

"ನಾನು ಹೇಳಿದ್ನಲ್ಲಣ್ಣ, ಹೂವು ನೋಡೋಕೆ ಅಂತ!" ನನ್ನ ದನಿ ಅಳುವಿನ ಹತ್ತಿರ ಹೋಗಿತ್ತು.

ಕೆಂಪಮ್ಮ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟಳು. "ನೀನ್ ಸುಳ್ ಯೋಳಾಕಿಲ್ಲ, ಅದು ನಂಗೊತ್ತು ಕಣ್ ಮಗ. ಆದ್ರೆ ನಿನ್ ಕಳ್ಸವ್ರಲ್ಲ, ಅವ್ರು ನಿಂಗ್ ಎಲ್ಲಾನೂ ಯೋಳವ್ರಾ?" ಮೋಟಿನ ಕಡೆ ಕೈ ತೋರಿಸಿ, "ಕಡಿಯೋ ದಿನ ನಾನು ತವರಿಗೆ ಹೊಂಟೋಗ್ಬುಟ್ಟೆ" ಎಂದಳು. ಮೂವರೂ ಬಿಸಿಲಿನಲ್ಲೇ ನಿಂತಿದ್ದೆವು. ನೆರಳಿಗೆ ಹೋಗೋಣವೆಂದರೆ ನೆರಳಿರಲಿಲ್ಲ.

ನಮ್ಮ ಸಾಹೇಬರು ಮೇಲಿನವರಿಗೆ ಬರೆದದ್ದನ್ನು ಓದಿದೆ. ಸ್ಥಳೀಯರ ಅರಿವಿನ ಕೊರತೆಯಿಂದ ಮಾದರಿ ಮರಗಳು ನಾಶವಾಗಿವೆಯಂತೆ. ಮೈಯೆಲ್ಲ ಉರಿದುಹೋಯಿತು. ಸಾರ್, ಇದು ಸುಳ್ಳು ಎಂದೆ. "ಮತ್ತೇನು ಬರೀಲಮ್ಮ? ನಾವು ಬಣ್ಣ ಬಳಿದಿದ್ದಕ್ಕೆ ಮರ ಹೋಯ್ತು ಅಂತಲಾ?" ಎಂದು ನಕ್ಕರು. ಹೌದು, ಹಾಗೇ ಬರೀರಿ ಎಂದೆ. ಮುಂದಿನ ಋತುವಿಗೆ ನನಗೆ ಕೆಲಸವಿರಲಿಲ್ಲ. ಆ ನಗುವನ್ನು ನಾನು ಈವರೆಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಇನ್ನು ಊರವರು ಹೆದರಿದ್ದ ಆ ಕಾರ್ಖಾನೆ? ಅದು ಬೇರೆ ಕಡೆ ಹೋಯಿತು. ಕೆಂಪಮ್ಮನ ಹೊಲಕ್ಕೆ ನೋಟೀಸೂ ಬರಲಿಲ್ಲ, ಏನೂ ಬರಲಿಲ್ಲ. ಹೊಲ ಉಳಿಯಿತು, ಹೊಂಗೆ ಮಾತ್ರ ಹೋಯಿತು. ಕೆಂಪಮ್ಮ ಹೇಳಿದಂತೆ ಅದು ಬೇಗ ಹೂ ಬಿಟ್ಟು ಉದುರಿಸಲು ಕಾರಣ ಸೆಕೆಯೋ, ಆ ವರ್ಷದ ಮಳೆಯೋ, ಅದರದೇ ಇಷ್ಟವೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಕಾಫಿ ಆರಿಹೋಗಿತ್ತು. ನಂಬರು ಬರೆಯುವ ಹುಡುಗ ಬೀದಿಯ ಆಚೆ ಬದಿಗೆ ದಾಟಿದ್ದ. ನಾನು ಒಳಗೆ ಹೋಗಿ ಸೀಮೆಎಣ್ಣೆಯಲ್ಲಿ ಹಳೇ ಬಟ್ಟೆ ಅದ್ದಿಕೊಂಡು ಬಂದು ಮರದ ಮೇಲಿನ ನಂಬರು ಉಜ್ಜತೊಡಗಿದೆ. ಹಸಿ ಬಣ್ಣ ಬಿಡುವ ಬದಲು ತೊಗಟೆಯ ಬಿರುಕಿನೊಳಕ್ಕೆಲ್ಲ ಹರಡಿಕೊಂಡಿತು. ಅವನು ಓಡಿ ಬಂದ.

"ಅಯ್ಯೋ, ಏನ್ ಮೇಡಂ ಇದು! ನಾನೇನು ಸುಳ್ಳು ಹೇಳ್ತೀನಾ?"

"ಇಲ್ಲ ಕಣಪ್ಪ, ನೀನು ಸುಳ್ಳು ಹೇಳ್ತಿಲ್ಲ" ಎಂದೆ. "ನಿನ್ನನ್ನ ಕಳಿಸಿದಾರಲ್ಲ, ಅವರು ನಿಂಗೆ ಎಲ್ಲಾ ಹೇಳಿದಾರಾ?"

ಪಾಪ, ಅವನಿಗೆ ಏನು ಗೊತ್ತು. ನಾನು ಉಜ್ಜುವುದನ್ನು ನಿಲ್ಲಿಸಲಿಲ್ಲ.