ತಪಾಸಣೆಯ ದಿನದ ವೇಗವರ್ಧಕ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಬಣ್ಣದ ಫ್ಯಾಕ್ಟರಿಯೊಂದರ ಲ್ಯಾಬಿಗೆ ಸೇರಿದಾಗ, ಮುಂಬೈ ಪಕ್ಕದ ಠಾಣೆ ಊರಿನ ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಅಪ್ಪ ಗಿರಾಕಿಗಳಿಗೆಲ್ಲ, "ನನ್ನ ಮಗಳು ನೀರಿನ ವಿಷ ತೆಗೀತಾಳೆ" ಎನ್ನುತ್ತಿದ್ದರು. ಆ ಮಾತು ಸುಳ್ಳಾಗಬಾರದೆಂಬ ಹಟ ನನ್ನದು.

ನಮ್ಮ ಫ್ಯಾಕ್ಟರಿಯ ಕೊಳೆನೀರಿನ ವಿಷವೆಂದರೆ ಕ್ಲೋರಿನ್ ಅಂಟಿಕೊಂಡ ಫೀನಾಲು. ಕ್ಲೋರಿನ್ ಅಂಟಿಕೊಂಡಿರುವವರೆಗೆ ಶುದ್ಧೀಕರಣ ತೊಟ್ಟಿಯ ಬ್ಯಾಕ್ಟೀರಿಯಾಗಳು ಫೀನಾಲನ್ನು ಅರಗಿಸಿಕೊಳ್ಳಲಾರವು, ಸಾಯುತ್ತವೆ. ನಾನು ಕಾಲಂ ಎನ್ನುವ ಸ್ಟೀಲಿನ ಉದ್ದ ಕೊಳವೆಯಲ್ಲಿ ಪಲ್ಲೇಡಿಯಂ ಲೋಹ ಹಿಡಿದಿಟ್ಟ ಇದ್ದಿಲಿನ ಕಾಳು ತುಂಬಿ, ಕೊಳೆನೀರಿನ ಜೊತೆ ಹೈಡ್ರೋಜನ್ ಹಾಯಿಸಿದೆ. ಕ್ಲೋರಿನ್ ಕಳಚಿತು. ಪಲ್ಲೇಡಿಯಂ ಇಲ್ಲಿ ವೇಗವರ್ಧಕ, ಹಾಗಾಗಿ ಕಾಳು ಖರ್ಚಾಗಲಿಲ್ಲ, ತೊಳೆದು ಹಾಕಿದರೆ ಮತ್ತೆ ಅದೇ ಕೆಲಸ.

ಆದರೆ ಮಂಗಳೂರಿನ ಕಡೆಯವರಾದ ಮ್ಯಾನೇಜರು ಅದನ್ನು ಮಾಲಿನ್ಯ ಮಂಡಳಿಯವರ ಇನ್‌ಸ್ಪೆಕ್ಷನ್ ಇದ್ದಾಗ ಮಾತ್ರ ನಡೆಸಲು ಹೇಳಿದರು.

"ಎಂತ ಮಾರಾಯ್ತಿ, ದಿನಾ ಓಡಿಸಿದ್ರೆ ಸವೆದು ಹೋಗ್ತದೆ. ದುಬಾರಿ ಮಾಲು ಅದು."

"ಸವೆಯೂದಿಲ್ಲ ಸರ್. ಅದಕ್ಕೇ ತಂದದ್ದು."

"ನಂಗೆ ಕೆಮಿಸ್ಟ್ರಿ ಹೇಳ್ಬೇಡ."

ಪ್ಲಾಂಟಿನ ಆಪರೇಟರು ವಿಜಾಪುರದವರು. ನಕ್ಕರು. "ಇದು ಬೆಳ್ಳಿ ತಾಟ ಆತಲ್ರಿ ಅಕ್ಕಾರ. ಬೀಗರು ಬಂದಾಗಷ್ಟ ಹೊರಗ." ಆಮೇಲೆ ನಗದೆ ಹೇಳಿದರು: "ಉಳಿದ ದಿನದ ಹೊಲಸ ನೀರೆಲ್ಲಾ ನಮ್ಮ ಚಾಳಿನ ಹಿಂದಿನ ನಾಲಾದಾಗನ ಹರಿತೈತಿ."

ಆ ಸಲದ ಇನ್‌ಸ್ಪೆಕ್ಷನ್ನಿಗೆ ಮುಂಚೆ ಕಾಲಂ ಚಾಲು ಮಾಡಿದೆ. ಒಳಗೆ ಹೋದ ವಿಷ ಹಾಗೆಯೇ ಹೊರಗೆ ಬಂತು. ಕಾಳು ತೊಳೆದೆ, ಮತ್ತೆ ತೊಳೆದೆ. ಆಗ ಆಪರೇಟರು ಬಾಯಿಬಿಟ್ಟರು: ಮಗ್ಗುಲ ಶೆಡ್ಡಿನ ಗಂಧಕದ ನೀರನ್ನು ಮ್ಯಾನೇಜರು ಕಾಲಮ್ಮಿನೊಳಗೆ ಬಿಡಿಸಿದ್ದರಂತೆ. ಕರಿ ಕಾಳು ಕಂಡರೆ ಎಲ್ಲರಿಗೂ ಮನೆಯ ವಾಟರ್ ಫಿಲ್ಟರಿನ ಇದ್ದಿಲೇ ನೆನಪಾಗುವುದು. ಹೇಗೂ ಖಾಲಿ ನಿಂತಿದೆ, ಇದನ್ನೂ ಸೋಸಲಿ ಎಂದುಕೊಂಡಿದ್ದರು. ಗಂಧಕ ಪಲ್ಲೇಡಿಯಮ್ಮನ್ನು ಕಚ್ಚಿಕೊಂಡರೆ ತೊಳೆದು ಬಿಡಿಸುವುದು ನಮ್ಮ ಕೈಲಾಗುವ ಕೆಲಸವಲ್ಲ. ಕಾಳು ಸತ್ತಿತ್ತು.

ಹೊಸದು ಬೇಕೆಂದು ಕೇಳಿದೆ. ಮ್ಯಾನೇಜರು ನೀರಿನ ಟ್ಯಾಂಕರ್ ತರಿಸಿದರು. ಕೊಳೆನೀರಿಗೆ ಒಳ್ಳೆಯ ನೀರು ಬೆರೆಸಿ ತೆಳ್ಳಗೆ ಮಾಡಿ ತೋರಿಸಿದರು. ಬಂದವರು ಕಾಲಮ್ಮಿನ ಮುಂದೆ ನಿಂತು ಚಹಾ ಕುಡಿದು, ಮೆಚ್ಚಿ ಹೋದರು. ಇನ್ನು ಅದನ್ನು ನಡೆಸುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಸಂಜೆ ಗೇಟಿನ ಹತ್ತಿರ ಆಪರೇಟರಿಗೆ, "ಮಕ್ಕಳನ್ನ ಆ ನಾಲಾ ಕಡೆ ಬಿಡ್ಬೇಡಿ" ಎಂದೆ. ಅಷ್ಟು ಓದಿ ಅವರಿಗೆ ಕೊಡಲು ನನ್ನಲ್ಲಿ ಉಳಿದದ್ದು ಅಷ್ಟೇ.

"ಮತ್ತ ಆಡಾಕ ಎಲ್ಲಿ ಬಿಡ್ಲಿರಿ ಅಕ್ಕಾರ?" ಎಂದರು. "ಬಯಲು ಅಂತ ಇರೂದು ಅದೊಂದ."