ಬದುವಿನ ಹಲಸಿಗೆ ಹಗ್ಗ ಹಿಡಿದ ಮೇಷ್ಟ್ರು

ವಿರೂಪಾಕ್ಷಿಪುರದ ಆಚೆಯ ಹಳ್ಳಿಯಲ್ಲಿ ಪ್ರಭುಲಿಂಗ ಮೇಷ್ಟ್ರು ಬೆತ್ತ ಹಿಡಿದು ಪಾಠ ಮಾಡಿದಷ್ಟು ಕಾಲವೂ ಒಂದು ತೊಟ್ಟು ರಕ್ತ ನೆಲಕ್ಕೆ ಬಿದ್ದಿರಲಿಲ್ಲ. ರಾಮನಗರದ ತರಬೇತಿಗೆ ಹೋಗಿ, ಮಕ್ಕಳು ತಾವೇ ಮಾಡಿ ಕಲಿಯಬೇಕೆಂಬ ಜ್ಞಾನ ಹೊತ್ತು ತಂದ ಮೇಲೆಯೇ ತಲೆ ಒಡೆದದ್ದು. ಅದೂ ಅವರದೇ.

ಪ್ರಾಜೆಕ್ಟಿನ ಹೆಸರು ‘ನಮ್ಮ ಮರ, ನಮ್ಮ ಅಳತೆ’. ಭಾನುವಾರವೆಲ್ಲ ಕೂತು ಮೇಷ್ಟ್ರು ಯೋಜನೆ ಹೆಣೆದರು: ಗಣಿತಕ್ಕೆ ಅಳತೆ, ವಿಜ್ಞಾನಕ್ಕೆ ಎಲೆ, ಸಮಾಜಕ್ಕೆ ಸಹಕಾರ. ಸಹಕಾರಕ್ಕೆಂದೇ ಬಾಲರಾಜು ಮಗಳು ಹೇಮಶ್ರೀ, ನಾಗರಾಜು ಮಗಳು ಲತಾಮಣಿ, ಈ ಒಂದೇ ಬೆಂಚಿನ ಗೆಳತಿಯರನ್ನು ಜೋಡಿ ಮಾಡಿ, ಇಬ್ಬರ ಹೊಲದ ನಡುವೆ ಬದುವಿನ ಮೇಲಿದ್ದ ಹಲಸಿನ ಮರ ಕೊಟ್ಟರು.

ಆ ಮರ ಯಾರದೆಂದು ಅಜ್ಜಂದಿರ ಕಾಲದಿಂದಲೂ ಯಾರೂ ಕೇಳಿರಲಿಲ್ಲ. ಹಣ್ಣು ಯಾರ ಕಡೆ ಬಿತ್ತೋ ಅವರದು. ಅಷ್ಟೇ ಕಾನೂನು.

ಮೇಷ್ಟ್ರು ಈ ಗಡಿಕಲ್ಲಿಂದ ಆ ಗಡಿಕಲ್ಲಿಗೆ ಹಗ್ಗ ಎಳೆಸಿದರು. ಲತಾಮಣಿ ಕುಣಿದಳು: “ಸಾ, ಮುಕ್ಕಾಲು ಮರ ನಮ್ಕಡೀಕೇ ಐತೆ!”

“ಭೇಷ್!” ಎಂದರು ಮೇಷ್ಟ್ರು. ಊರೇ ಕೇಳುವಷ್ಟು ಗಟ್ಟಿಯಾಗಿ.

ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ ಬಾಲರಾಜು ಕುಡುಗೋಲು ಹಿಡಿದೇ ಬಂದ. ಅತ್ತಲಿಂದ ನಾಗರಾಜು ಗುದ್ದಲಿಯೊಂದಿಗೆ.

“ಕೇಳುಸ್ಕಂಡೇನ್ಲಾ? ಇಷ್ಟ್ ದಿನ ನಮ್ ಹಣ್ ತಿಂದಿದ್ದೀಯ, ಕಕ್ಲಾ!” ಎಂದ ನಾಗರಾಜು.

“ಕಕ್ತೀನಿ, ಒಸಿ ಹತ್ರ ಬಾ!”

ಗುದ್ದಲಿಯ ಕಾವು ಬಾಲರಾಜುವಿನ ಹೆಗಲ ಮೂಳೆ ಮುರಿಯಿತು. ಕುಡುಗೋಲು ನಾಗರಾಜುವಿನ ಮುಂಗೈಯನ್ನು ಹಲಸಿನ ತೊಳೆಯಂತೆ ಬಿಡಿಸಿತು. ಹುಡುಗಿಯರು ಕಿರುಚಿದರು. “ಇದು ಬರೀ ಪ್ರಾಜೆಕ್ಟ್ ಕಣ್ರಪ್ಪಾ!” ಎನ್ನುತ್ತ ಮೇಷ್ಟ್ರು ನಡುವೆ ನುಗ್ಗಿದರು. ನೆತ್ತಿಗೆ ಬಿದ್ದ ಏಟು ಯಾರ ಕಡೆಯದೆಂದು ಅಳೆಯಲು ಅವರಿಗೆ ಎಚ್ಚರವೇ ಇರಲಿಲ್ಲ.

ಚನ್ನಪಟ್ಟಣದ ಆಸ್ಪತ್ರೆಯಿಂದ ಮೊದಲು ಊರಿಗೆ ಬಂದವನು ಬಾಲರಾಜು. “ನಂಗಿಲ್ದಿದ್ ಮರ ಅವ್ನ್ಗೂ ಬ್ಯಾಡ” ಎಂದು ಕೊಯ್ಯುವ ಮಷೀನು ತರಿಸಿದ. ಬುಡ ಕತ್ತರಿಸಿದ್ದೇ ತಡ, ಮರ ನರಳಿ, ಕಾಯಿ ಹಣ್ಣು ಸಮೇತ, ಪೂರ್ತಿ ನಾಗರಾಜುವಿನ ಹೊಲಕ್ಕೇ ಬಿತ್ತು.

ತಲೆಗೆ ಹೊಲಿಗೆ ಹಾಕಿಸಿಕೊಂಡು ಮೇಷ್ಟ್ರು ಶಾಲೆಗೆ ಬಂದಾಗ ಗೆಳತಿಯರು ತರಗತಿಯ ಎರಡು ತುದಿಯಲ್ಲಿದ್ದರು. ಹೇಮಶ್ರೀ ಎದ್ದಳು.

“ಸಾ, ಮರ ಎಳ್ಕೊಂಡ್ ಬತ್ತೀನಿ ಅಂತ ನಮ್ಮಪ್ಪ ಒಂದೇ ಕೈಲಿ ಮಚ್ಚು ಮಸೀತಾವ್ನೆ. ಮರಾನೂ ಬಿದ್ದಿರೋ ಕಡೆಯೋರ್ದೇ ಅಲ್ವಾ ಸಾ?”

ಮೇಷ್ಟ್ರು ಬಾಯಿ ತೆರೆದರು. ಹೊಲಿಗೆ ಜಗ್ಗಿತು.

“ನಮ್ದೇ ಕಣೆ,” ಆ ತುದಿಯಿಂದ ಲತಾಮಣಿ ಗದರಿದಳು. “ಹಣ್ ಬೇಕಾರೆ ಇಬ್ರೂ ಹೋಗಿ ಎತ್ಕೊಂಡ್ ಬರನ. ಅಳೀಬ್ಯಾಡ, ಅಷ್ಟೇಯ.”

‘ಭೇಷ್’ ಎನ್ನುವುದು ಮೇಷ್ಟ್ರ ನಾಲಿಗೆ ತುದಿಗೆ ಬಂತು. ಕಿಟಕಿಯಾಚೆ ಹೊಲಗಳ ಕಡೆ ಒಮ್ಮೆ ನೋಡಿ, ನುಂಗಿಕೊಂಡರು.