ಮೂರನೆಯ ಪಟ್ಟಿ

ನನ್ನ ಗಂಡ ಸೈನ್ಯದಲ್ಲಿದ್ದಷ್ಟು ಕಾಲ ಅವರ ಅಂಗಿಯ ತೋಳಿಗೆ ಪಟ್ಟಿ ಹೊಲಿದವಳು ನಾನೇ. ರೆಜಿಮೆಂಟಿನಲ್ಲಿ ದರ್ಜಿ ಇದ್ದ. ಆದರೂ ರಜೆಗೆ ಗುಬ್ಬಿಗೆ ಬರುವಾಗ ಇವರು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಹಸಿರು ಅಂಗಿಗಳನ್ನು ಮಡಿಸಿಟ್ಟುಕೊಂಡು ಬರುತ್ತಿದ್ದರು. “ಅವನು ಮಿಷನ್ನಲ್ಲಿ ಗರ್ ಅಂತ ಎಳೆದ್ಬಿಡ್ತಾನೆ ಕಣೇ, ಅಂಚು ಸುಕ್ಕಾಗುತ್ತೆ. ನೀನು ಹೊಲಿದ್ರೆ ನೆಟ್ಟಗೆ ಕೂತ್ಕೊಳ್ಳುತ್ತೆ” ಎನ್ನುವರು. ತುಮಕೂರಿನ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಬಟ್ಟೆಯನ್ನು ಮಗುಚಿ ಹಾಕಿ, ಹಿಂಬದಿ ನೋಡಿಯೇ ಮಾರ್ಕು ಕೊಡುತ್ತಿದ್ದರು. ಆ ಹೆದರಿಕೆ ಈಗಲೂ ನನ್ನ ಬೆರಳಿನಲ್ಲಿದೆ.

ಒಂದು ಪಟ್ಟಿ ಎಂದರೆ ಲ್ಯಾನ್ಸ್ ನಾಯಕ್, ಎರಡಾದರೆ ನಾಯಕ್, ಮೂರಾದರೆ ಹವಾಲ್ದಾರ್. ಮದುವೆಯಾದಾಗ ಅವರ ತೋಳು ಖಾಲಿಯಿತ್ತು. ಒಂಟಿ ಪಟ್ಟಿ ಹೊಲಿದಾಗ ಮಗಳು ಹೊಟ್ಟೆಯಲ್ಲಿದ್ದಳು. ಅದನ್ನು ಬಿಚ್ಚಿ ಎರಡು ಪಟ್ಟಿಯದನ್ನು ಹಾಕುವ ಹೊತ್ತಿಗೆ ಅವಳು ಪಕ್ಕದಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿದ್ದಳು. ಬಿಚ್ಚಿದ ಜಾಗದಲ್ಲಿ ಬಟ್ಟೆ ಬಿಸಿಲು ಕಾಣದೆ ಹೊಸದರಂತೆಯೇ ಕಡುಹಸಿರಾಗಿತ್ತು. ಸುತ್ತಲಿನದೆಲ್ಲ ತೊಳೆದು ತೊಳೆದು ಮಾಸಿಹೋಗಿತ್ತು. ಅವರು ಎಷ್ಟು ಕಾಲ ಕಾದಿದ್ದರು ಎನ್ನುವುದು ನನಗೆ ತಿಳಿದದ್ದು ಆ ಎರಡು ಬಣ್ಣಗಳನ್ನು ನೋಡಿದಾಗ.

ಆ ಸಲ ಮನೆಯಲ್ಲಿ ಸಿಹಿ ಮಾಡಲಿಲ್ಲ. ಇವರಿಗಿಂತ ಮುಂದಿದ್ದ ನಾಯಕ್ ಒಬ್ಬರು ಕಾಯಿಲೆಯಾಗಿ ತೀರಿಕೊಂಡಿದ್ದರು. ಖಾಲಿಯಾದ ಆ ಜಾಗ ಇವರಿಗೆ ಬಂದಿತ್ತು. ಇವರ ಕೆಲಸದಲ್ಲಿ ಹುದ್ದೆಗಳೇ ಕಡಿಮೆ. ಕೋರ್ಸು ಪಾಸು ಮಾಡಿದರೂ ಮೇಲಿನವರು ಎದ್ದುಹೋಗುವ ತನಕ ಕೆಳಗಿನವರು ಕಾಯಬೇಕು. “ಅವರ ಹೆಂಡ್ತಿ ಕೈಯಲ್ಲಿ ಊಟ ಮಾಡಿದೀನಿ ಕಣೇ” ಎಂದಷ್ಟೇ ಹೇಳಿ, ಅಂಗಿಯನ್ನು ಕನ್ನಡಿಯ ಮುಂದೆ ಹಿಡಿದೂ ನೋಡದೆ ಟ್ರಂಕಿಗೆ ಹಾಕಿದ್ದರು.

ನಮ್ಮತ್ತೆಗೆ ಈ ಲೆಕ್ಕ ಎಂದೂ ಅರ್ಥವಾಗಲಿಲ್ಲ. ನಮ್ಮ ಬೀದಿಯ ಇನ್ನೊಬ್ಬ ಹುಡುಗ ಇವರಿಗಿಂತ ಎಷ್ಟೋ ವರ್ಷ ತಡವಾಗಿ ಸೈನ್ಯಕ್ಕೆ ಸೇರಿ, ಬೇರೆ ವಿಭಾಗದಲ್ಲಿ ಬೇಗ ಬೇಗ ಮೇಲೇರಿದ್ದ.

“ನಿನ್ನ ಮುಂದೆ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೋನು ಮೂರು ಪಟ್ಟಿ ಹಾಕ್ಕೊಂಡ್ ಬಂದವ್ನೆ. ನೀನೇನ್ಲಾ, ಅಲ್ಲಿ ಎಮ್ಮೆ ಮೇಯಿಸ್ತಾ ಕುಂತಿದ್ಯಾ?”

“ಎಮ್ಮೆಗೂ ಸೀನಿಯಾರಿಟಿ ಐತೆ ಕಣವ್ವ ನಮ್ಮಲ್ಲಿ” ಎಂದು ಇವರು ನಗುತ್ತಿದ್ದರು.

“ನಗು, ನಗು. ನಾನು ಕಣ್ಮುಚ್ಚೋದ್ರೊಳಗೆ ಆ ಮೂರು ಪಟ್ಟಿ ತೋರಿಸ್ಬುಡಪ್ಪ ಸಾಕು.”

ಅಷ್ಟು ಬೇಗ ಮೇಲೇರುವುದು ಸರಿಯೇ ಎಂದು ಒಮ್ಮೆ ನಾನೇ ಕೇಳಿದ್ದೆ. ತಡವಾಗುವುದರಲ್ಲಿ ತಪ್ಪಿಲ್ಲ ಎಂದರು. ಹವಾಲ್ದಾರ್ ಹೇಳಿದ ಕಡೆ ಹುಡುಗರು ಹೆಜ್ಜೆ ಇಡುತ್ತಾರೆ. ಹಿಮದಲ್ಲಿ ಎಲ್ಲಿ ಹೆಜ್ಜೆ ಇಡಬೇಕೆಂದು ಗೊತ್ತಾಗಲು ವರ್ಷಗಳೇ ಬೇಕು. “ಆದ್ರೆ ಗೊತ್ತಾದ ಮೇಲೂ ಕಾಯಿಸಿದ್ರೆ, ಗೊತ್ತಿರೋದನ್ನ ಏನ್ ಮಾಡೋದು ಹೇಳು” ಎಂದರು.

ಹವಾಲ್ದಾರ್ ಕೋರ್ಸನ್ನು ಅವರು ಒಳ್ಳೆಯ ಗ್ರೇಡಿನಲ್ಲೇ ಮುಗಿಸಿದರು. ಕಂಟೋನ್ಮೆಂಟ್ ಬಜಾರಿನಿಂದ ಮೂರು ಪಟ್ಟಿಯ ಬಟ್ಟೆಯನ್ನೂ ತಂದರು. ನಾನು ಅದನ್ನು ಸೂಜಿ ಡಬ್ಬಿಯಲ್ಲಿಟ್ಟೆ. ಆದರೆ ನಾಯಕ್ ಆದವರು ಸೈನ್ಯದಲ್ಲಿ ಇಷ್ಟೇ ವರ್ಷ ಇರಬಹುದು ಎಂದು ಮಿತಿಯಿದೆ. ಆ ಮಿತಿ ಹತ್ತಿರ ಬರುತ್ತಿತ್ತು. ಮುಂದಿದ್ದವರು ಒಬ್ಬರೇ, ಕುಣಿಗಲ್ಲಿನ ಹವಾಲ್ದಾರ್. ಇವರು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದುದು. ಆ ವರ್ಷದ ಕೊನೆಗೆ ಅವರ ಸರ್ವಿಸ್ ಮುಗಿದರೆ ಆ ಜಾಗ ಇವರದೇ.

ಅವರೆಕಾಯಿ ಕಾಲದಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಕುಣಿಗಲ್ಲಿಗೆ ಊಟಕ್ಕೆ ಕರೆದರು. ಅಡುಗೆಮನೆಯಲ್ಲಿ ಅವರ ಹೆಂಡತಿ ಮತ್ತು ನಾನು, ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ಗಂಡಸರು ಕಿಟಕಿಯಾಚೆ ಜಗಲಿಯಲ್ಲಿದ್ದರು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡ್ತೀವಿ ಅಂತವ್ರೆ ಕಣಪ್ಪ” ಎಂದರು ಕುಣಿಗಲ್ಲಿನ ಅಣ್ಣ. “ಇದ್ರೆ ನಾಯಬ್ ಸುಬೇದಾರ್ ಆಗ್ಬೋದು. ಭುಜಕ್ಕೆ ಸ್ಟಾರ್ ಬರುತ್ತೆ. ಆದ್ರೆ ನಾನು ಕುಂತ್ರೆ ನೀನು ಅಲ್ಲೇ ನಿಂತ್ಬುಡ್ತೀಯ. ನೀನು ಬೇಡ ಅನ್ನು, ಗಂಟುಮೂಟೆ ಕಟ್ಕೊಂಡು ಬಂದ್ಬುಡ್ತೀನಿ. ಒಂದ್ ಮಾತೂ ಆಡಲ್ಲ.”

ನಮ್ಮಿಬ್ಬರ ಕೈಯೂ ನಿಂತಿತು. ಅವರ ಹೆಂಡತಿ ಬೆರಳ ತುದಿಯಲ್ಲಿದ್ದ ಕಾಳನ್ನು ಹಿಚುಕಲೂ ಇಲ್ಲ, ಬಿಡಲೂ ಇಲ್ಲ.

“ತಗೊಳ್ಳಣ್ಣ” ಎಂದರು ನನ್ನ ಗಂಡ. “ನಿನ್ನ ಸ್ಟಾರ್‌ಗೆ ನಾನೇ ಮೊದಲು ಸಲ್ಯೂಟ್ ಹೊಡೀಬೇಕು.”

“ಲೇ, ಯೋಚನೆ ಮಾಡಿ ಹೇಳ್ಲಾ.”

“ಮಾಡಿದೀನಿ. ಊಟ ಹಾಕ್ಸು, ಹೊಟ್ಟೆ ಹಸಿದೈತೆ.”

ಅಣ್ಣನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, “ಬೇಜಾರ್ ಮಾಡ್ಕೋಬೇಡ ಕಣವ್ವ” ಎಂದರು. ನಾನು ತಲೆಯಾಡಿಸಿ, ಜಾರಿಬಿದ್ದ ಬೇಳೆಯನ್ನು ಪಾತ್ರೆಗೆ ಹಾಕಿದೆ. ಅಂದು ಹಿತಕಿದ ಬೇಳೆ ಸಾರು ಬಹಳ ಚೆನ್ನಾಗಿತ್ತು. ಇವರು ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಂಡರು.

ವಾಪಸು ತುಮಕೂರಿನ ಬಸ್ಸಿನಲ್ಲಿ, “ಯಾಕ್ರೀ ಹಾಗಂದ್ರಿ?” ಎಂದೆ.

“ಇನ್ನೇನ್ ಅನ್ನಲಿ? ಅವನೂ ನನ್ನಂಗೇ ಕಾದವ್ನೆ. ಎದ್ದೋಗು ಅಂದು ಹಾಕ್ಕೊಂಡ್ರೆ ಆ ಪಟ್ಟಿ ತೋಳ್ ಮೇಲೆ ನಿಲ್ಲುತ್ತಾ?” ಎಂದು ಕಿಟಕಿಯ ಕಡೆ ತಿರುಗಿದರು.

ಕುಣಿಗಲ್ಲಿನ ಅಣ್ಣನಿಗೆ ಸ್ಟಾರ್ ಬರಲಿಲ್ಲ. ಅವರಿಗಿಂತ ಮುಂದಿದ್ದವರಿಗೂ ಎಕ್ಸ್‌ಟೆನ್ಷನ್ ಸಿಕ್ಕಿತ್ತಂತೆ. ಇವರು ಮಿತಿ ಮುಗಿದು ಎರಡು ಪಟ್ಟಿಯ ನಾಯಕ್ ಆಗಿಯೇ ಮನೆಗೆ ಬಂದರು. ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿಕೊಂಡಾಗ ಅದು ಮೊದಲಿನಷ್ಟೇ ಭಾರವಿತ್ತು. ಅತ್ತೆಗೆ ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಮೂರನೆಯ ಪಟ್ಟಿ ಸಿಗದೆಯೇ ಬಂದದ್ದನ್ನು ಇವರು ಹೇಳಿಯೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಮನೆಯಲ್ಲಿ ಕೂರಲಾಗದೆ ಹಿರೇಹಳ್ಳಿಯ ಒಂದು ಗೋದಾಮಿನಲ್ಲಿ ಸೆಕ್ಯುರಿಟಿ ಕೆಲಸ ಕೇಳಲು ಹೋದರು. ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಯೂನಿಫಾರ್ಮ್ ಹಿಡಿದು ಬಂದು, ನೀಲಿ ಅಂಗಿ ಬಿಡಿಸಿ ನನ್ನ ಮಡಿಲಿಗೆ ಹಾಕಿದರು. ಬಲತೋಳಿನಲ್ಲಿ ಮೂರು ಪಟ್ಟಿಗಳಿದ್ದವು.

“ಮಿಲಿಟ್ರಿಯವ್ರು ಅಂದ ತಕ್ಷಣ ಹೆಡ್ ಗಾರ್ಡ್ ಮಾಡ್ಬಿಟ್ರು” ಎಂದರು. “ಬೆಳಗ್ಗೆ ಹೋದೆ, ಮಧ್ಯಾಹ್ನ ಮೂರು ಪಟ್ಟಿ. ಎಷ್ಟು ಬೇಗ ನೋಡು.” ನಗಲು ಹೋಗಿ ಕೆಮ್ಮಿದರು. “ಬಿಚ್ಬಿಡು ಇದನ್ನ. ನಾಳೆ ಅವರಿಗೆ ಏನಾದ್ರೂ ಹೇಳ್ಕೋತೀನಿ.”

ಬೆಳಗ್ಗೆ ಬಾಗಿಲ ಬೆಳಕಿನಲ್ಲಿ ಕೂತು ಬಿಚ್ಚತೊಡಗಿದೆ. ಒರಟು ಮಿಷನ್ ಹೊಲಿಗೆ. ಹಿಂಬದಿಯಲ್ಲಿ ದಾರ ಗಂಟುಗಂಟಾಗಿತ್ತು. ಒಂದು ಬದಿ ಬಿಟ್ಟುಕೊಂಡಿತ್ತು, ಅಷ್ಟರಲ್ಲಿ ಅತ್ತೆ ಹೂ ಕೊಯ್ದುಕೊಂಡು ಒಳಗೆ ಬಂದವರು ನನ್ನ ಮಡಿಲನ್ನೇ ನೋಡುತ್ತ ನಿಂತರು. ಬೆರಳಿನಿಂದ ಒಂದೊಂದಾಗಿ ಪಟ್ಟಿ ಮುಟ್ಟಿದರು.

“ಕೊನೆಗೂ ಕೊಟ್ರಲ್ಲೋ ಮಗ! ಇದನ್ನ ಹೊಲೀತಾ ಕುಂತಿದೀಯೇನವ್ವ?”

ಅಂಗಿ ನೀಲಿ ಎನ್ನುವುದು ಅವರಿಗೆ ಕಾಣಲಿಲ್ಲವೋ, ಕಂಡರೂ ಬೇಡವೆನಿಸಿತೋ. ದೇವರ ಮುಂದೆ ದೀಪ ಹಚ್ಚಿ, ಒಂದು ಚಿಟಿಕೆ ಸಕ್ಕರೆ ತಂದು ಮಗನ ಬಾಯಿಗೆ ಹಾಕಿದರು. ಇವರು ಬಾಯಿ ತೆರೆದರು. ಸಕ್ಕರೆ ನುಂಗಿದರು. ಆಮೇಲೆ ನನ್ನ ಹತ್ತಿರ ಬಂದು, “ಇರ್ಲಿ ಬಿಡು, ಬಿಚ್ಬೇಡ” ಎಂದರು.

ಅರ್ಧ ಬಿಚ್ಚಿದ್ದನ್ನು ಹಾಗೆಯೇ ಕೂಡಿಸಲು ನನಗೆ ಮನಸ್ಸಾಗಲಿಲ್ಲ. ಉಳಿದ ಮಿಷನ್ ದಾರವನ್ನೂ ಕಿತ್ತು, ತುದಿ ನೇರ ಮಾಡಿ, ಮೂರನ್ನೂ ಕೈಯಲ್ಲೇ ಸಣ್ಣ ಹೊಲಿಗೆ ಹಾಕಿ ಕೂರಿಸಿದೆ. ಮಗುಚಿ ಹಿಂಬದಿ ನೋಡಿದೆ. ಒಂದೂ ಗಂಟಿರಲಿಲ್ಲ.

ಅಂಗಿ ತೊಟ್ಟು ನನ್ನ ಮುಂದೆ ಮೊದಲಿನಂತೆಯೇ ತೋಳು ನೆಟ್ಟಗೆ ಇಳಿಬಿಟ್ಟು ನಿಂತರು. ನಾನು ಅಂಚು ಸವರಿ, “ಸರಿಯಾಗಿ ಕೂತಿದೆ” ಎಂದೆ. ಅತ್ತೆ ಬಾಗಿಲಲ್ಲಿ ನಿಂತು ಬೀದಿ ತಿರುಗುವ ತನಕ ಮಗನನ್ನೇ ನೋಡುತ್ತಿದ್ದರು. ತಿರುವು ದಾಟಿದ ಮೇಲೆ ಅವರಿಗೆ ಕಾಣದು. ಹಿತ್ತಿಲ ಕಡೆಯಿಂದ ನನಗೆ ಇನ್ನೊಂದಿಷ್ಟು ದೂರ ಕಾಣುತ್ತದೆ. ಅಲ್ಲಿ ಅವರು ಒಂದು ಗಳಿಗೆ ನಿಂತು, ಕೈಯಲ್ಲಿದ್ದ ಊಟದ ಚೀಲವನ್ನು ಬಲಭುಜಕ್ಕೆ ಏರಿಸಿ, ಪಟ್ಟಿ ಮುಚ್ಚುವ ಹಾಗೆ ಎಳೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದರು.